ಹೊಳೆಗೆ ಬಿಟ್ಟ ಫೈಲು

"ಸಾರ್, ಮನೆಯವ್ರ ಕಾಯಿಲೆ ಖರ್ಚು ಹಾಕ್ಕೋಬೋದಲ್ಲ. ಬಿಲ್ಲೆಲ್ಲ ಅವೆ ತಾನೆ?"

ಜುಲೈ ಮೊದಲ ವಾರ ಕೆ.ಆರ್. ಪೇಟೆಯ ತೆರಿಗೆ ಸಲಹೆಗಾರ್ತಿ ಹೀಗೆ ಕೇಳಿದಾಗ ನನ್ನ ಹಿಂದೆ ನಮ್ಮ ಶಾಲೆಯ ಮೂವರು ಮೇಷ್ಟ್ರುಗಳು ತಂತಮ್ಮ ಕವರು ಹಿಡಿದು ಕೂತಿದ್ದರು. ಅವರೆದುರು ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. "ಅವೆ ಕಣಮ್ಮ, ತಂದ್ಕೊಡ್ತೀನಿ" ಎಂದುಬಿಟ್ಟೆ. ಒಂದೂ ಇರಲಿಲ್ಲ. ನನ್ನ ಹೆಂಡತಿ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಅವಳ ಕಾಯಿಲೆಯ ಫೈಲು ಅವಳ ಬೂದಿಯ ಜೊತೆಯಲ್ಲೇ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಹೊಳೆ ಸೇರಿತ್ತು.

ನಾನು ಅನುದಾನಿತ ಪ್ರೌಢಶಾಲೆಯೊಂದರ ಗುಮಾಸ್ತ. ಮುಂದಿನ ವರ್ಷ ನಿವೃತ್ತಿ. ನಮ್ಮ ಶಾಲೆಯ ಮೇಷ್ಟ್ರುಗಳ ತೆರಿಗೆ ಕಾಗದಗಳನ್ನೆಲ್ಲ ಇಷ್ಟು ವರ್ಷವೂ ಜೋಡಿಸಿಕೊಟ್ಟವನು ನಾನೇ. ಪಾಠ ಹೇಳುವುದರಲ್ಲಿ ಅವರು ಎಷ್ಟು ಗಟ್ಟಿಗರೋ ಕಾಗದ ಇಟ್ಟುಕೊಳ್ಳುವುದರಲ್ಲಿ ಅಷ್ಟೇ ದಡ್ಡರು. ವಿಮೆಯ ರಸೀದಿಯನ್ನು ಜೇಬಲ್ಲಿ ಬಿಟ್ಟು ಅಂಗಿಯನ್ನು ಒಗೆಯಲು ಹಾಕುತ್ತಾರೆ. ಮಕ್ಕಳ ಫೀಸಿನ ಚೀಟಿಯ ಹಿಂಬದಿಯಲ್ಲಿ ದಿನಸಿ ಪಟ್ಟಿ ಬರೆದಿರುತ್ತಾರೆ. "ಒರಿಜಿನಲ್ ಎಲ್ಲಿ ಸಾರ್?" ಎಂದು ನಾನು ಕೇಳಿದರೆ ಮಕ್ಕಳನ್ನು ನಡುಗಿಸುವ ಗಣಿತದ ಮೇಷ್ಟ್ರು ಕೂಡ ನೆಲ ನೋಡುತ್ತಿದ್ದರು. ಒಂದು ತಾರೀಕು ಹೆಚ್ಚುಕಮ್ಮಿಯಾದರೂ ಸರಿ, ವಾಪಸ್ ಕಳಿಸುತ್ತಿದ್ದೆ. ಬೆನ್ನ ಹಿಂದೆ ನನ್ನನ್ನು ಏನೇನು ಅನ್ನುತ್ತಿದ್ದರೆಂದು ಗೊತ್ತಿತ್ತು. ಬೇಸರವೇನೂ ಇರಲಿಲ್ಲ, ಒಳಗೊಳಗೇ ಒಂದಿಷ್ಟು ಜಂಬವೇ ಇತ್ತು.

ನನ್ನ ಸ್ವಂತ ಕಾಗದಗಳ ಕೆಲಸ ನಡೆಯುತ್ತಿದ್ದುದು ಮನೆಯ ಹಜಾರದಲ್ಲಿ, ಭಾನುವಾರ ಬೆಳಿಗ್ಗೆ. ಚಾಪೆ ಎತ್ತಿ, ನೆಲ ಒರೆಸಿ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತಿಂಗಳಿಗೊಂದು ಸಾಲಿನಂತೆ ಕಾಗದಗಳನ್ನು ತಾರೀಕಿನ ಪ್ರಕಾರ ಹರಡುತ್ತಿದ್ದೆ. ಯಾವುದು ಕೈಗೆ ಸಿಕ್ಕಿಲ್ಲವೋ ಅದರ ಜಾಗದಲ್ಲಿ ಒಂದು ಖಾಲಿ ಚೀಟಿ ಇಟ್ಟು ‘ಬಂದಿಲ್ಲ’ ಎಂದು ಬರೆಯುವುದು ನನ್ನ ಪದ್ಧತಿ. ಕಾಗದ ಬಂದ ದಿನ ಚೀಟಿ ತೆಗೆಯುವುದು. ಹಾರಿಹೋಗುತ್ತವೆಂದು ಫ್ಯಾನು ಹಾಕಲು ನಾನು ಬಿಡುತ್ತಿರಲಿಲ್ಲ. ಅವಳಿಗೆ ಸೆಕೆ ತಡೆಯುತ್ತಿರಲಿಲ್ಲ. ಅಡುಗೆಮನೆಯಿಂದ ಗುಂಡುಕಲ್ಲು, ಕುಟ್ಟಾಣಿ, ಸೇರು, ಪಾವು ಎಲ್ಲವನ್ನೂ ಹೊತ್ತು ತಂದು ಸಾಲುಗಳ ಮೇಲೆ ಹೇರಿ ಫ್ಯಾನಿನ ಸ್ವಿಚ್ಚು ಒತ್ತುತ್ತಿದ್ದಳು.

"ಬಂದ್ಲಪ್ಪ ನನ್ ಸವತಿ" ಅನ್ನುತ್ತಿದ್ದಳು. "ವರ್ಸಕ್ಕೊಂದ್ಸಲ ಬತ್ತಾಳೆ. ಬಂದ್ರೆ ಮನೆ ತುಂಬ ಸೆರಗಾಸ್ಕಂಡ್ ಬಿದ್ಕತಾಳೆ."

ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ, ಸವತಿ ಬಂದ ದಿನ ಮೂವರು. ಅವಳ ಈ ತಮಾಷೆಗೆ ನಾನು ಒಂದು ವರ್ಷವೂ ನಕ್ಕವನಲ್ಲ. ತಾರೀಕು ತಪ್ಪುತ್ತದೆ ಸುಮ್ಮನಿರು ಎಂದು ಗದರುತ್ತಿದ್ದೆ.

ಹೊಳೆಯ ವಿಷಯ ಹೇಳುತ್ತೇನೆ. ನಮ್ಮವರಲ್ಲಿ ಹೂಳುವುದೇ ರೂಢಿ. ನಮ್ಮ ಹೊಲದ ಬದಿಯಲ್ಲಿ ನನ್ನ ಅಪ್ಪ ಅವ್ವನ ಗುಡ್ಡೆಗಳಿವೆ. ಆದರೆ ಅವಳು ಕೊನೆಯ ವಾರದಲ್ಲಿ, "ಈ ಕಾಯ್ಲೆ ನಮ್ ಒಲದ ಮಣ್ಗೆ ಬ್ಯಾಡ. ನನ್ನ ಸುಟ್ಬುಡಿ" ಎಂದಿದ್ದಳು. ಹಾಗೇ ಮಾಡಿದೆವು. ಬೂದಿ ತೆಗೆದುಕೊಂಡು ಶ್ರೀರಂಗಪಟ್ಟಣಕ್ಕೆ ಹೋದ ದಿನ ಅವಳ ತಮ್ಮ, ಶೀಳನೆರೆಯಲ್ಲಿ ಬೇಸಾಯ ಮಾಡಿಕೊಂಡು ನಾಲ್ಕು ಹಸು ಕಟ್ಟಿರುವವನು, ಒಂದು ಗಂಟು ತಂದಿದ್ದ. "ಕಾಯ್ಲೆ ಪದಾರ್ತ ಮನೇಲಿ ಮಡಗಬಾರ್ದು ಭಾವ, ಒಳಿಗೆ ಬುಟ್ಬುಡವ" ಎಂದ. ಅವಳು ಕೊನೆಗೆ ಉಟ್ಟ ಸೀರೆ, ಒಂದು ಟವಲ್ಲು, ಉಳಿದ ಗುಳಿಗೆಗಳು. ಅದರ ಜೊತೆಗೆ ಫೈಲೂ ಹೋಯಿತು.

ತೆರಿಗೆ ಸಲಹೆಗಾರ್ತಿಯ ಹತ್ತಿರದಿಂದ ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಭಾಮೈದನಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ. "ಎಂಥಾ ಕೆಲ್ಸ ಮಾಡ್ದೆ ಕಣ್ಲಾ! ನಿನ್ ಮಾತ್ ಕೇಳಿ ಬಿಲ್ಲೆಲ್ಲ ಹೊಳೆ ಪಾಲಾಯ್ತು. ಈಗ ಊರೂರು ಅಲೀಬೇಕು ನಾನು." ಅವನು ಕೊಟ್ಟಿಗೆಯಲ್ಲಿದ್ದ. ಹಿಂದೆ ಹಸು ಕೂಗುವುದು ಕೇಳಿಸುತ್ತಿತ್ತು. "ತಪ್ಪಾಯ್ತು ಭಾವ" ಎಂದ. ಅಷ್ಟಕ್ಕೇ ಸಮಾಧಾನವಾಗದೆ ಇನ್ನೆರಡು ಬೈದು ಫೋನಿಟ್ಟೆ.

ತೆರಿಗೆಯ ವಿನಾಯಿತಿಗಾಗಿ ಮಾತ್ರ ನಾನು ಆ ಕಾಗದಗಳ ಹಿಂದೆ ಬಿದ್ದೆ ಎಂದರೆ ಸುಳ್ಳಾಗುತ್ತದೆ. ಅವಳಿಗಾಗಿ ಮಾಡಬೇಕಾದ್ದನ್ನೆಲ್ಲ ಮಾಡಿದೆ ಎಂದು ನನಗೆ ನಾನೇ ತೋರಿಸಿಕೊಳ್ಳಬೇಕಾಗಿತ್ತು. ಮೈಸೂರಿನ ಓಡಾಟ, ಆಪರೇಷನ್ನು, ಒಂದೊಂದು ಸೂಜಿ, ಒಂದೊಂದು ಗುಳಿಗೆ. ಎಲ್ಲ ಸೇರಿದರೆ ಗೇಣೆತ್ತರದ ಕಟ್ಟಾಗುತ್ತದೆ. ನಮ್ಮ ಶಾಲೆಯ ಯಾವ ಕಡತಕ್ಕೂ ಕಡಿಮೆಯಿಲ್ಲದಂತೆ ದಾರ ಪೋಣಿಸಿ, ನೋಡು, ಇಷ್ಟು ಮಾಡಿದೆ ಎಂದುಕೊಳ್ಳಬೇಕಾಗಿತ್ತು. ಯಾಕೆಂದರೆ ನಾನು ಮಾಡದೇ ಬಿಟ್ಟದ್ದೊಂದು ಇತ್ತು.

ಅದನ್ನೂ ಹೇಳಿಬಿಡುತ್ತೇನೆ. ಹೋದ ಆಗಸ್ಟ್ ಹತ್ತರಂದು, ಹೊಟ್ಟೆನೋವೆಂದು ಅವಳನ್ನು ಪಾಂಡವಪುರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದೆ. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಗಡ್ಡೆಯಿದ್ದ ಹಾಗಿದೆ ಎಂದು ಸ್ಕ್ಯಾನಿಗೆ ಬರೆದುಕೊಟ್ಟರು. ನಾನು ಮನೆಗೆ ಬಂದವನೇ ಆರೋಗ್ಯ ವಿಮೆಯ ಕಾಗದ ತೆಗೆದು ಓದಿದೆ. ಪಾಲಿಸಿ ಮಾಡಿಸಿ ಎರಡು ವರ್ಷ ತುಂಬುವ ತನಕ ಗಡ್ಡೆಯಂಥವಕ್ಕೆ ಹಣ ಕೊಡುವುದಿಲ್ಲ ಎಂದಿತ್ತು. ಎರಡು ವರ್ಷ ತುಂಬುವುದು ಸೆಪ್ಟೆಂಬರ್ ಇಪ್ಪತ್ತಕ್ಕೆ. ಇಪ್ಪತ್ತೊಂದಕ್ಕೆ ಸ್ಕ್ಯಾನು ಮಾಡಿಸಿದರೆ ಕಾಗದದ ಮೇಲೆ ಕಾಯಿಲೆ ಹುಟ್ಟುವುದು ಇಪ್ಪತ್ತೊಂದಕ್ಕೆ.

"ಒಸಿ ತಡ್ಕೊ" ಎಂದೆ ಅವಳಿಗೆ. "ಆರು ವಾರ ಅಷ್ಟೆ. ಡೇಟ್ ಆಗ್ಬುಡ್ಲಿ, ಆಮೇಲೆ ಮಾಡ್ಸವ."

"ಅಂಗೇ ಮಾಡಿ. ಕಾಗ್ದದ್ ಇಸ್ಯ ನಿಮ್ಗೆ ತಾನೆ ಗೊತ್ತಿರಾದು" ಎಂದಳು.

ನಾಗಮಂಗಲದಲ್ಲಿ ಸ್ಕ್ಯಾನು ಮಾಡಿಸಿದ್ದು ಸೆಪ್ಟೆಂಬರ್ ಇಪ್ಪತ್ತೊಂದಕ್ಕೇ. ಅಲ್ಲಿಂದ ಮೈಸೂರಿನ ದೊಡ್ಡ ಡಾಕ್ಟರ ಬಳಿಗೆ. ನೋವು ಯಾವಾಗಿನಿಂದ ಎಂದು ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅವಳು, "ಆಗಸ್ಟಿಂದ ಸಾರ್. ಪಾಂಡವಪುರದ್ ಡಾಕ್ಟ್ರು ಆಗ್ಲೇ ಸ್ಕ್ಯಾನ್ ಬರ್ಕೊಟ್ಟಿದ್ರು" ಎಂದಳು. ಅವರು ಅದನ್ನೇ ಬರೆದುಕೊಂಡರು. ವಾಪಸ್ ಬರುವಾಗ ಬಸ್ಸಿನಲ್ಲಿ ನಾನು ಹಲ್ಲು ಕಚ್ಚಿ ಕೇಳಿದೆ, "ಬಾಯ್ ಮುಚ್ಕಂಡ್ ಕೂತ್ಕಳಕ್ ಆಗ್ತಿರ್ನಿಲ್ವಾ ನಿಂಗೆ?"

"ಡಾಕ್ಟ್ರ ತಾವ ಸುಳ್ಳೇಳಾದಾ?" ಎಂದಳು. "ನೋವಿರಾದು ನನ್ಗಲ್ವಾ?"

ಆ ಬಸ್ಸು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಇದ್ದದ್ದು ಕ್ಯಾನ್ಸರ್, ಆಗಲೇ ಹಬ್ಬಿತ್ತು. ವಿಮೆಯವರು ದೊಡ್ಡ ಡಾಕ್ಟರ ಬರಹದಲ್ಲಿದ್ದ ಆಗಸ್ಟ್ ತಿಂಗಳನ್ನು ನೋಡಿ ಹಣ ಕೊಡಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕೊಡುತ್ತಿರಲಿಲ್ಲ. ಹೀಗೆ ಆ ಆರು ವಾರ ಯಾತಕ್ಕೂ ಬರದೆ ಹೋಯಿತು. ಬೇಗ ಬಂದಿದ್ದರೆ ಉಳಿಯುತ್ತಿದ್ದಳೇ ಎಂದು ನಾನು ಡಾಕ್ಟರನ್ನು ಒಂದೇ ಒಂದು ಸಲ ಕೇಳಿದ್ದೇನೆ. "ಹೇಳೋಕಾಗಲ್ಲ. ಈಗ ಅದೆಲ್ಲ ಯಾಕೆ" ಎಂದರು.

ಜುಲೈಯಲ್ಲಿ ನಕಲು ಕಾಗದಗಳಿಗಾಗಿ ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಿದೆ. ಮೈಸೂರಿನಲ್ಲಿ ಎರಡು ದಿನ ಕೂರಿಸಿಕೊಂಡರು. ಅರ್ಜಿ ಬರೆಯಿರಿ, ಆಧಾರ್ ಪ್ರತಿ ತನ್ನಿ, ಮರಣಪತ್ರದ ಒರಿಜಿನಲ್ ತೋರಿಸಿ ಎಂದು ಕೌಂಟರಿನ ಹೆಂಗಸು ನನ್ನನ್ನು ಮೂರು ಸಲ ಓಡಾಡಿಸಿದಳು. ನಾನು ಮೇಷ್ಟ್ರುಗಳಿಗೆ ಮಾಡಿದ್ದೂ ಇದನ್ನೇ, ಆದ್ದರಿಂದ ಸಿಟ್ಟು ಮಾಡಿಕೊಳ್ಳುವ ಮುಖ ಇರಲಿಲ್ಲ. ನಾಗಮಂಗಲದ ಸ್ಕ್ಯಾನಿನವರು ಒಂದೇ ಗಳಿಗೆಯಲ್ಲಿ ಬಿಲ್ಲು ತೆಗೆದುಕೊಟ್ಟರು. ಅಲ್ಲಿ ಕಿಟಕಿಯ ಪಕ್ಕ ಅವಳು ಕೂತಿದ್ದ ಬೆಂಚು ಹಾಗೇ ಇತ್ತು. ಅದರ ಮೇಲೆ ಯಾರೋ ಒಬ್ಬಾಕೆ ನೀರಿನ ಬಾಟಲು ಹಿಡಿದು ತನ್ನ ಸರದಿಗೆ ಕಾಯುತ್ತಿದ್ದಳು. ಆಕೆಯ ಗಂಡ ಪಕ್ಕದಲ್ಲಿ ಕಾಗದಗಳನ್ನು ಎಣಿಸಿಕೊಳ್ಳುತ್ತಿದ್ದ. ಬಿಲ್ಲನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ.

ಪಾಂಡವಪುರದ ಡಾಕ್ಟರಮ್ಮನಿಗೆ ನನ್ನ ನೆನಪಿತ್ತು. ತೀರಿಕೊಂಡ ಸುದ್ದಿ ಗೊತ್ತಿರಲಿಲ್ಲ. ಹೇಳಿದೆ. ಅವರು ಹಳೆಯ ಪುಸ್ತಕ ತೆಗೆಸಿ ಆ ದಿನದ ಸಾಲನ್ನು ಹುಡುಕಿ ಚೀಟಿಯ ನಕಲು ಬರೆಯತೊಡಗಿದರು. ಬರೆಯುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿ, "ವಾರದೊಳಗೆ ಮಾಡ್ಸಿ ಅಂತ ಬರ್ದಿದ್ನಲ್ಲ. ಕೆಳಗೆ ಗೆರೆನೂ ಎಳ್ದಿದ್ದೆ. ಯಾವಾಗ ಮಾಡ್ಸಿದ್ರಿ?" ಎಂದರು.

"ಸ್ವಲ್ಪ ತಡ ಆಯ್ತು ಮೇಡಂ" ಎಂದೆ. ಅವರು ಮತ್ತೆ ಬರೆಯತೊಡಗಿದರು. ನಕಲಿನಲ್ಲೂ ಆ ಗೆರೆ ಎಳೆದೇ ಕೊಟ್ಟರು.

ಆ ಭಾನುವಾರ ಹಜಾರದಲ್ಲಿ ಎಲ್ಲವನ್ನೂ ಹರಡಿದೆ. ಅಡುಗೆಮನೆಯಿಂದ ಗುಂಡುಕಲ್ಲನ್ನು ನಾನೇ ತಂದೆ. ಅಷ್ಟು ಭಾರವಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಮೂರು ಸಾಲೂ ಗೋಡೆಯವರೆಗೆ ಹೋದವು. ಆಗಸ್ಟಿನ ಸಾಲಿನಲ್ಲಿ ಪಾಂಡವಪುರದ ಒಂದು ಚೀಟಿ. ಸೆಪ್ಟೆಂಬರಿನಲ್ಲಿ ಕೊನೆಗೊಂದು ಸ್ಕ್ಯಾನಿನ ಬಿಲ್ಲು. ನಡುವೆ ಬರೀ ನೆಲ. ಕೈ ಅಭ್ಯಾಸಬಲದಿಂದ ಒಂದು ಚೀಟಿ ಹರಿದು ‘ಬಂದಿಲ್ಲ’ ಎಂದು ಬರೆದು ಅಲ್ಲಿಟ್ಟಿತು. ಬರೆದ ಮೇಲೆ ಯೋಚನೆಯಾಯಿತು. ಬರುವುದಕ್ಕೆ ಅಲ್ಲೇನಿದೆ? ಆ ದಿನಗಳಲ್ಲಿ ನಾವು ಏನೂ ಮಾಡಿರಲಿಲ್ಲವಲ್ಲ. ಆದರೂ ಚೀಟಿ ತೆಗೆಯಲಿಲ್ಲ.

ಬಾಕಿಯಿದ್ದದ್ದು ನಮ್ಮ ಬೀದಿಯ ಕೊನೆಯ ಔಷಧಿ ಅಂಗಡಿಯ ಬಿಲ್ಲುಗಳು. ಮಾರನೆಯ ದಿನ ಹೋಗಿ ಅಕ್ಟೋಬರಿನಿಂದ ಬೇಕು ಎಂದೆ. ಅಂಗಡಿಯವನು ಅವಳ ಫೋನ್ ನಂಬರು ಒತ್ತಿದ. "ವರ್ಸದ್ದೆಲ್ಲ ಬಂದ್ಬುಡ್ತದೆ ಸಾರ್, ಪೂರಾ ತಕಂಡೋಗಿ" ಎಂದು ಅವನು ತನ್ನ ಪಾಡಿಗೆ ಒತ್ತುತ್ತಾ ಹೋದ, ಯಂತ್ರ ಕಾಗದ ಕಕ್ಕುತ್ತಾ ಹೋಯಿತು. "ಅಮ್ಮಾವ್ರು ಆಗಸ್ಟಿಂದ್ಲೇ ಬತ್ತಿದ್ರಲ್ಲ. ಒಟ್ಟೆನೋವಿನ್ ಗುಳ್ಗೆ. ಡಾಕ್ಟ್ರಿಗೆ ತೋರ್ಸಿ ಅಂತ ನಾನೂ ಯೋಳ್ತಿದ್ದೆ. ‘ತೋರುಸ್ತೀವಿ ಕಣಪ್ಪ, ಡೇಟಾಕವ್ರೆ’ ಅನ್ನೋರು."

ಡೇಟು ಹಾಕಿದವನು ನಾನು, ಅವನ ಎದುರಿಗೇ ನಿಂತಿದ್ದೆ. ಕವರು ಇಸಿದುಕೊಂಡು ಬಂದೆ.

ಮನೆಯಲ್ಲಿ ಕೂತು ನೋಡಿದೆ. ಆಗಸ್ಟ್ ಹದಿನಾಲ್ಕು, ಹತ್ತು ಗುಳಿಗೆ. ಇಪ್ಪತ್ತೆರಡು, ಹತ್ತು ಗುಳಿಗೆ. ಇಪ್ಪತ್ತೆಂಟು, ಮತ್ತೆ ಹತ್ತು. ಸೆಪ್ಟೆಂಬರ್ ಒಂದು, ಐದು, ಹಾಗೇ. ಹತ್ತು ಗುಳಿಗೆಯ ಒಂದು ಪಟ್ಟಿ ಮೊದಮೊದಲು ವಾರ ಬಂದಿತ್ತು, ಆಮೇಲೆ ಆರು ದಿನ, ಆಮೇಲೆ ನಾಲ್ಕು. ಅವಳು ನನಗೆ ಒಂದು ಮಾತೂ ಹೇಳಿರಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದಳು, ಸಂಜೆ ನಾನು ಬರುವಷ್ಟರಲ್ಲಿ ಕಾಫಿ ಇಡುತ್ತಿದ್ದಳು. ನಡುವೆ ಬೀದಿಯ ಕೊನೆಗೆ ಹೋಗಿ ಗುಳಿಗೆ ತರುತ್ತಿದ್ದಳು. ನೋವು ಹೇಗಿದೆ ಎಂದು ನಾನು ಕೇಳಿದ ನೆನಪಿಲ್ಲ. ಹೇಗಿದೆ ಎಂದರೆ ಜಾಸ್ತಿಯಾಗಿದೆ ಅಂದಾಳು ಎಂಬ ಭಯಕ್ಕೇ ಕೇಳಲಿಲ್ಲ. ‘ಬಂದಿಲ್ಲ’ ಎಂಬ ಚೀಟಿ ತೆಗೆದು ಆ ಬಿಲ್ಲುಗಳನ್ನು ಸಾಲಾಗಿ ಇಟ್ಟೆ. ಜಾಗ ತುಂಬಿತು. ಮನೆಯಲ್ಲಿ ಯಾರೂ ಇರಲಿಲ್ಲ, ಗಟ್ಟಿಯಾಗಿಯೇ ಅತ್ತೆ.

ಮತ್ತೆರಡು ದಿನ ಬಿಟ್ಟು ತೆರಿಗೆ ಸಲಹೆಗಾರ್ತಿಯ ಕಚೇರಿಗೆ ಹೋದೆ. ಸಂಬಳದ ಫಾರಂ, ವಿಮೆಯ ರಸೀದಿ, ಮನೆ ಸಾಲದ ಬಡ್ಡಿಯ ಪತ್ರ ಇಷ್ಟನ್ನು ಕೊಟ್ಟೆ.

"ಮತ್ತೆ ಆಸ್ಪತ್ರೆ ಬಿಲ್ಲು ಸಾರ್?"

"ಅದು ಬ್ಯಾಡ ಕಣಮ್ಮ."

"ಸಿಗ್ಲಿಲ್ವಾ?"

"ಎಲ್ಲಾ ಸಿಕ್ತು. ಆದ್ರೂ ಬ್ಯಾಡ."

"ನಿಮಗೆ ಬರಬೇಕಾದ್ದು ಸಾರ್ ಅದು. ಬೇರೆಯವ್ರ ಹತ್ರ ಒಂದೊಂದು ಚೀಟಿಗೂ ಜಗಳ ಮಾಡೋರು ನೀವು" ಎಂದು ಆಕೆ ನಕ್ಕಳು. ಆಮೇಲೆ ನನ್ನ ಮುಖ ನೋಡಿ ಕಂಪ್ಯೂಟರಿನ ಕಡೆ ತಿರುಗಿದಳು. ಫೋನಿಗೆ ಬಂದ ಅಂಕಿಗಳನ್ನು ಓದಿ ಹೇಳಿದೆ. ಕೊಟ್ಟ ವಿವರಗಳೆಲ್ಲ ಸರಿಯಾಗಿವೆ, ಪೂರ್ಣವಾಗಿವೆ ಎಂದು ನನ್ನ ಹೆಸರಿನಲ್ಲಿ ಒಪ್ಪಿ ಒತ್ತಿದಳು. ಐದೇ ನಿಮಿಷದಲ್ಲಿ ಮುಗಿಯಿತು.

ಅದಾದ ಭಾನುವಾರ ಭಾಮೈದ ಒಂದು ಕ್ಯಾನಿನಲ್ಲಿ ಹಾಲು ಹಿಡಿದು ಬಂದ. ನಾನು ಬೈದದ್ದಕ್ಕೆ ಮುನಿಸೇನೂ ಇರಲಿಲ್ಲ. ಹಜಾರದ ತುಂಬ ಇನ್ನೂ ಹರಡಿಕೊಂಡಿದ್ದ ಕಾಗದಗಳನ್ನು ನೋಡಿ ಬಾಗಿಲಲ್ಲೇ ನಿಂತ.

"ಇದೇನ್ ಭಾವ, ಕಾಯ್ಲೆ ಕಾಗ್ದ ಮತ್ತೆ ತಂದ್ ಮಡಿಕಂಡಿದ್ದೀರಾ?" ಎಂದ. "ತೆರ್ಗೆ ಕೆಲ್ಸ ಆಯ್ತಲ್ಲ. ಕೊಡಿ, ಓಗ್ತಾ ಒಳಿಗ್ ಬುಟ್ಬುಡ್ತೀನಿ."

"ಬ್ಯಾಡ ಕಣ್ಲಾ" ಎಂದೆ. ಇನ್ನು ಹೇಳದೇ ಇರಲು ಆಗಲಿಲ್ಲ. "ಕೂತ್ಕೋ. ಆವತ್ತು ನಿನ್ ಗಂಟಲ್ಲಿ ಫೈಲಿರ್ಲಿಲ್ಲ. ಅದನ್ನ ಬಿಟ್ಟಿದ್ದು ನಾನು."

ಅದೇ ನಿಜ. ಅವನು ತಂದ ಗಂಟಿನಲ್ಲಿ ಸೀರೆ, ಟವಲ್ಲು, ಗುಳಿಗೆ ಇಷ್ಟೇ ಇದ್ದವು. ಫೈಲು ನನ್ನ ಚೀಲದಲ್ಲಿತ್ತು, ಮನೆಯಿಂದ ಹೊರಡುವಾಗಲೇ ಹಾಕಿಕೊಂಡಿದ್ದೆ. ಅವನು ಕಾಯಿಲೆ ಪದಾರ್ಥ ಎಂದದ್ದೇ ನೆಪವಾಯಿತು, ಅವನ ಗಂಟಿನ ಹಿಂದೆಯೇ ತೆಗೆದು ಬಿಟ್ಟೆ. ಪಾಂಡವಪುರದ ಚೀಟಿಯೂ ನಾಗಮಂಗಲದ ಬಿಲ್ಲೂ ಒಂದೇ ಕಡೆ ಇರುವ ತನಕ ಯಾರಾದರೂ ತಾರೀಕು ನೋಡಿಯಾರು ಎಂಬ ಹೆದರಿಕೆ ನನಗೆ. ಜೀವಮಾನವೆಲ್ಲ ಒಂದು ಕಾಗದವನ್ನೂ ಕಳೆಯದವನು ಅದೊಂದನ್ನು ಬೇಕೆಂದೇ ಕಳೆದೆ, ಕಳೆದು ಅವನ ತಲೆಗೆ ಕಟ್ಟಿದೆ.

"ಗೊತ್ತು ಭಾವ" ಎಂದ ಅವನು. "ನಾನೇ ನೋಡ್ದೆ, ನೀವ್ ಬುಟ್ಟಿದ್ನ."

"ಮತ್ತೆ ಫೋನಲ್ಲಿ ತಪ್ಪಾಯ್ತು ಅಂದ್ಯಲ್ಲಾ?"

"ಅಕ್ಕನ್ ಕಳ್ಕಂಡಿದ್ರಿ. ನನ್ ಬೈದ್ರೆ ಒಸಿ ಅಗುರಾಗ್ತೀರೇನೋ ಅಂತ."

ನನಗೆ ಅವನ ಮುಖ ನೋಡಲಾಗಲಿಲ್ಲ. ಆರು ವಾರದ ವಿಷಯವನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಕೋಪದಿಂದ ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋದರೂ ನಾನು ತಡೆಯುತ್ತಿರಲಿಲ್ಲ. ಅವನು ಹೋಗಲಿಲ್ಲ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಔಷಧಿ ಅಂಗಡಿಯ ಬಿಲ್ಲುಗಳನ್ನು ಒಂದೊಂದಾಗಿ ಎತ್ತಿ, ಓದಿ, ಎತ್ತಿದ ಜಾಗದಲ್ಲೇ ಇಡತೊಡಗಿದ. ಒಂದು ಬಿಲ್ಲಿನ ಹತ್ತಿರ ಅವನ ಕೈ ನಿಂತಿತು.

"ಎಲ್ಲಾದ್ರಲ್ಲೂ ಹತ್ತತ್ತು ಗುಳ್ಗೆ ತಕಂಡವ್ಳೆ. ಇದೊಂದ್ರಲ್ಲಿ ಯಾಕ್ ಭಾವ ಇಪ್ಪತ್ತೆರಡು?"

ಇಸಿದುಕೊಂಡು ನೋಡಿದೆ. ಸೆಪ್ಟೆಂಬರ್ ಹತ್ತು. ಎರಡು ಪಟ್ಟಿ ಕೊಟ್ಟು, ಮೂರನೆಯದರಿಂದ ಎರಡು ಗುಳಿಗೆಯನ್ನು ಕತ್ತರಿಸಿ ಕೊಟ್ಟಿದ್ದಾನೆ. ಅದರ ನಂತರ ಸ್ಕ್ಯಾನಿನ ದಿನದವರೆಗೆ ಬೇರೆ ಬಿಲ್ಲಿಲ್ಲ.

ನನಗೆ ಆ ಬೆಳಿಗ್ಗೆ ನೆನಪಾಯಿತು. ನಾನು ಶಾಲೆಗೆ ಹೊರಟು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಅವಳು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ಇನ್ನೆಷ್ಟ್ ದಿನ ಅದೆ?" ಎಂದು ಕೇಳಿದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ, ಅವಳನ್ನು ನೋಡಲಿಲ್ಲ. "ಹನ್ನೊಂದು" ಎಂದೆ.

"ಅನ್ನೊಂದ್ ತಾನೆ. ಆಯ್ತು ಬುಡಿ" ಎಂದಳು.

ಬೆಳಿಗ್ಗೆ ಒಂದು, ರಾತ್ರಿ ಒಂದು. ಅವಳೂ ಲೆಕ್ಕ ಹಾಕಿಕೊಂಡೇ ತಂದಿದ್ದಳು.